ಹಳೆಯ ಹತ್ತರಿಗೆ ಹೊಸ ಅಲಗು

ಘಟ್ಟದ ಮೇಲಿನ ಹಿರೇಕೆರೂರು ಸೀಮೆಯಿಂದ ಶಿಕ್ಷಕ ವೃತ್ತಿಯ ನಿಮಿತ್ತ ಇಳಿದು ಬಂದ ನಮ್ಮ ಕುಟುಂಬವು ಪುಂಜಾಲಕಟ್ಟೆಯ ಆಸುಪಾಸಿನಲ್ಲಿಯೇ ನೆಲೆನಿಂತು ಬಹುಕಾಲವಾಯಿತು. ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳು ಇಲ್ಲಿ ಒಂದಕ್ಕೊಂದು ತಗುಲಿಕೊಂಡಿವೆ, ಮೂಡುಬಿದಿರೆಯೂ ದೂರದ್ದಲ್ಲ. ಬಿ.ಸಿ.ರೋಡಿನಿಂದ ವಗ್ಗ, ಕಾವಳಕಟ್ಟೆಗಳನ್ನು ದಾಟಿ ಬರುವ ಹೆದ್ದಾರಿಯನ್ನು ಅಗಲಗೊಳಿಸಿದ ಕಾಲಕ್ಕೆ ನಮ್ಮ ಅಂಗಳದಂಚಿನ ಹಲಸಿನ ಮರವೊಂದು ಉರುಳಿತು. ವರ್ಷವರ್ಷವೂ ನೆರೆಹೊರೆಗೆಲ್ಲ ಹಣ್ಣು ಹಂಚುತ್ತಿದ್ದ ಮರ. ಅದನ್ನು ಮಾರಲು ಮನಸ್ಸೊಪ್ಪದೆ ಹಲಗೆಗಳನ್ನು ಸೀಳಿಸಿ, ನಡುವೆ ಪಟ್ಟಿಗಳನ್ನಿಟ್ಟು, ಕೊಟ್ಟಿಗೆಯ ಅಟ್ಟದ ಮೇಲೆ ಪೇರಿಸಿ ಒಣಗಲು ಬಿಟ್ಟಿದ್ದೆವು. ನಾಲ್ಕು ಮಳೆಗಾಲಗಳು ಕಳೆದವು.

ಮೊದಲ ಹೆರಿಗೆಗೆಂದು ತವರಿಗೆ ಬಂದ ನಮ್ಮ ಮಗಳಿಗೆ ಗಂಡುಕೂಸು ಹುಟ್ಟಿತು. ಕೂಸು ಹುಟ್ಟುವ ಮುನ್ನವೇ ತೊಟ್ಟಿಲು ಮಾಡಿಸಬಾರದೆಂಬುದು ನಮ್ಮ ವೃದ್ಧ ತಾಯಿಯವರ ಹಠ. ಹುಟ್ಟಿದ ಮರುದಿನವೇ “ಆ ಹಲಸಿನ ಹಲಗೆ ತೆಗಿಸು, ತೊಟ್ಟಿಲಿಗೆ ಹಾಕುವ ಶಾಸ್ತ್ರ ಹೊಸ ತೊಟ್ಟಿಲಲ್ಲೇ ಆಗಬೇಕು” ಎಂಬುದೂ ಅವರದೇ ಅಪ್ಪಣೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ತರಿಸೋಣವೇ ಎಂದು ನಾವು ಕೇಳಿನೋಡಿದೆವು. ಅಂಗಳದ ಮರವಿರುವಾಗ ಅದೇಕೆಂದರು. ಶಾಸ್ತ್ರಕ್ಕೆ ಉಳಿದಿದ್ದುದು ಇಪ್ಪತ್ತೆಂಟು ದಿನ.

ಕೆಲಸ ಸುಲಭವೆಂದೇ ಎಣಿಸಿದೆವು. ಮಿಲ್ಲೊಂದಕ್ಕೆ ಒಯ್ದು ಯಂತ್ರದಲ್ಲಿ ಒಂದು ಹಲಗೆಯನ್ನು ನಯಮಾಡಿಸಿ ತಂದಾಗ ಕಣ್ಣಿಗೆ ಬಿದ್ದ ನೋಟವೇ ಬೇರೆ. ಹಲಸಿನ ನಾರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಒಂದು ಪದರು ಬಲಕ್ಕೆ ವಾಲಿದರೆ ಮುಂದಿನ ಪದರು ಎಡಕ್ಕೆ ವಾಲಿ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಹಾಗಾಗಿ ಯಾವ ದಿಕ್ಕಿನಿಂದ ಕೀಸಿದರೂ ಎಲ್ಲೋ ಒಂದೆಡೆ ನಾರು ಎದುರಾಗುತ್ತದೆ. ಯಂತ್ರದ ಸುತ್ತುವ ಅಲಗುಗಳು ಅಲ್ಲಲ್ಲಿ ಉಗುರಿನಗಲ ಮರವನ್ನು ಕಿತ್ತು ಗುಳಿ ಮಾಡಿದ್ದವು. ಸುತ್ತಲೂ ಸಿಬಿರು ಎದ್ದಿತ್ತು. ಹಸುಗೂಸಿನ ಕೈ ತಾಗುವ ಹಲಗೆಯದು! ಅಗಲವಾದ ಹಲಗೆಗಳಿದ್ದುವು ಮೂರೇ; ಒಂದು ಹೀಗೆ ಕೆಟ್ಟಿತು.

ಉಳಿದೆರಡನ್ನು ಹೊತ್ತು ನಾವು ಹೋದದ್ದು ಪೇಟೆಯಿಂದ ತುಸು ಒಳಗಿರುವ ಹಿರಿಯ ಆಚಾರಿಯೊಬ್ಬರ ಮನೆಗೆ. ಅವರ ಹೆಸರನ್ನು ಇಲ್ಲಿ ಬರೆಯಲು ಅವರು ಒಪ್ಪಲಿಲ್ಲ. ಆಸುಪಾಸಿನ ಎಷ್ಟೋ ಮನೆಗಳ ಬಾಗಿಲು, ದಾರಂದಗಳು ಅವರ ಕೈಯಲ್ಲಿ ಆದವು. ಎಪ್ಪತ್ತು ದಾಟಿದ ಅವರು ಹಲಗೆಯ ಮೇಲೆ ಅಂಗೈ ಆಡಿಸಿ, “ಇದು ಕೈಯ ಕೆಲಸವೇ ಮಾಷ್ಟ್ರೇ, ಮೆಷಿನ್ನಿಗೆ ಆಗುವುದಲ್ಲ” ಎಂದರು. ಆಮೇಲೆ ಗೋಡೆಯ ಮೇಲಿದ್ದ ಮರದ ಹತ್ತರಿಯನ್ನು ಇಳಿಸಿ ಅದರ ಬೆಣೆಯನ್ನು ತಟ್ಟಿ ಅಲಗನ್ನು ಹೊರತೆಗೆದು ನಮ್ಮ ಕೈಗಿತ್ತರು. “ಇದಕ್ಕೆ ಮಾತ್ರ ಇನ್ನು ಜೀವ ಇಲ್ಲ. ಸಾಣೆ ಹಿಡಿಯಲಿಕ್ಕೆ ಉಕ್ಕೇ ಉಳಿದಿಲ್ಲ.”

ಹತ್ತರಿ ಎಂದರೆ ನಮ್ಮ ಓದುಗರಲ್ಲಿ ಕೆಲವರಿಗೆ ತಿಳಿಯದೆ ಹೋಗಬಹುದು. ಹಳೆಯ ಮೈಸೂರಿನ ಕಡೆ ತೋಪಡವೆಂದೂ, ಉತ್ತರ ಕರ್ನಾಟಕದಲ್ಲಿ ರಂದಾ ಎಂದೂ, ನಿಘಂಟುಗಳಲ್ಲಿ ಉಜ್ಜುಗೊರಡು ಎಂದೂ ಕಾಣಿಸಿಕೊಳ್ಳುವ ಉಪಕರಣವಿದು. ತುಳುವಿನಲ್ಲಿ ಕೀಸುಳಿ. ಕೀಸುವ ಉಳಿಯೆಂಬ ಆ ಹೆಸರು ನಮಗೆ ಎಲ್ಲಕ್ಕಿಂತ ಇಷ್ಟವಾಯಿತು, ಏಕೆಂದರೆ ವಸ್ತುವಿನ ಸತ್ಯವೂ ಅಷ್ಟೇ: ಗಟ್ಟಿಮರದ ದಿಮ್ಮಿಯೊಂದರ ನಡುವೆ ಸುಮಾರು 45 ಅಂಶ ಓರೆಯಾಗಿ ಕೂರಿಸಿದ ಅಗಲವಾದ ಉಳಿ. ದಿಮ್ಮಿಯ ತಳದ ಸೀಳಿನಿಂದ ಅದರ ಬಾಯಿ ಕೂದಲೆಳೆಯಷ್ಟೇ ಹೊರಗೆ ಇಣುಕುತ್ತದೆ. ಅಂಗೈಯೊತ್ತಿ ದೂಡಿದಾಗ ಮರದ ಮೇಲ್ಮೈ ಸುರುಳಿಸುರುಳಿಯಾಗಿ ಏಳುತ್ತದೆ. ದಿಮ್ಮಿ ಸವೆದರೆ ಇನ್ನೊಂದನ್ನು ಆಚಾರಿ ತಾನೇ ಕಡೆದುಕೊಳ್ಳಬಲ್ಲ. ಅಲಗು ಸವೆದರೆ ಅವನ ಕೈ ಕಟ್ಟಿದಂತೆ.

ನಮ್ಮ ಕೈಯಲ್ಲಿದ್ದ ಅಲಗನ್ನು ಆಚಾರಿಯವರ ತಂದೆ ಮಂಗಳೂರು ಬಂದರಿನ ಅಂಗಡಿಯೊಂದರಿಂದ ತಂದುದಂತೆ. ತುಕ್ಕಿನ ನಡುವೆ ಶೆಫೀಲ್ಡ್ ಎಂಬ ಇಂಗ್ಲೆಂಡಿನ ಊರಿನ ಮುದ್ರೆ, ಅದರ ಕೆಳಗೆ ಕಾಸ್ಟ್ ಸ್ಟೀಲ್ ಎಂಬ ಅಕ್ಷರಗಳು. ಎರಡು ಅಂಗುಲ ಅಗಲ. ಬಾಯಿಯ ಕಡೆ ಸುಮಾರು 5 ಮಿಲಿಮೀಟರ್ ದಪ್ಪವಿದ್ದು ಬಾಲದ ಕಡೆಗೆ ಹೋಗುತ್ತ 3 ಮಿಲಿಮೀಟರಿಗೆ ಇಳಿದಿತ್ತು. ಅಂಚನ್ನು ಉಜ್ಜಿ ನೋಡಿದರೆ ಮೇಲೆ ಮಂಕು ಕಬ್ಬಿಣ, ಕೆಳಗೆ ಹೊಳೆಯುವ ಉಕ್ಕಿನ ತೆಳು ಪದರು: ಎರಡು ಲೋಹ. ಅಂದಿನ ಕಾಲಕ್ಕೆ ಉಕ್ಕು ದುಬಾರಿ. ಆದುದರಿಂದ ಮೃದು ಕಬ್ಬಿಣದ ಪಟ್ಟಿಗೆ ಬಾಯಿಯ ಕಡೆ ಮಾತ್ರ ಎರಡು ಮೂರು ಅಂಗುಲ ಉಕ್ಕನ್ನು ಕುಲುಮೆಯಲ್ಲಿ ಬೆಸೆಯುತ್ತಿದ್ದರು. ತಲೆಮಾರುಗಟ್ಟಲೆ ಸಾಣೆ ಹಿಡಿದು ಆ ಉಕ್ಕು ತೀರಿಹೋಗಿತ್ತು. ಉಳಿದುದು ಕಬ್ಬಿಣ. ಕಬ್ಬಿಣಕ್ಕೆ ಎಷ್ಟು ಸಾಣೆ ಕೊಟ್ಟರೂ ಮೂರು ಎಳೆತಕ್ಕೆ ಬಾಯಿ ಮಡಚಿಕೊಳ್ಳುತ್ತದೆ.

ಸವೆತವೊಂದೇ ಕಾರಣವಲ್ಲ. ಈ ಸೀಮೆಯ ಮಳೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಆಟಿ ತಿಂಗಳಲ್ಲಿ ಗೋಡೆಯೂ ಬೆವರುತ್ತದೆ. ಎಣ್ಣೆ ಸವರದೆ ವಾರವಿಟ್ಟರೆ ಅಲಗಿನ ಬೆನ್ನಿನ ಮೇಲೆ ತುಕ್ಕಿನ ಚುಕ್ಕೆಗಳು ಗುಳಿಯಾಗಿ ಇಳಿಯುತ್ತವೆ. ಬಾಯಿ ಎಂಬುದು ಎರಡು ಮುಖಗಳು ಕೂಡುವ ಗೆರೆ. ಒಂದು ಮುಖದಲ್ಲಿ ಗುಳಿಯಿದ್ದರೆ ಗೆರೆಯಲ್ಲಿಯೂ ಹಲ್ಲು ಬೀಳುತ್ತದೆ, ಆ ಹಲ್ಲು ಮರದ ಮೇಲೆ ಗೀರಾಗಿ ಮೂಡುತ್ತದೆ. ನಮ್ಮ ಆಚಾರಿಯವರು ತೆಂಗಿನೆಣ್ಣೆಯ ಬಟ್ಟೆಯನ್ನು ಪೆಟ್ಟಿಗೆಯಿಂದ ಎಂದೂ ತಪ್ಪಿಸಿದವರಲ್ಲ. ಆದರೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಒಂದು ಮಳೆಗಾಲವಿಡೀ ಕೆಲಸ ನಿಲ್ಲಿಸಿದ್ದರು. ಆಗ ಪೆಟ್ಟಿಗೆಯನ್ನು ತೆರೆದವರಿಲ್ಲ.

ಅಂಗಡಿಯಲ್ಲಿ ಹೊಸ ಅಲಗು ಸಿಗುವುದಿಲ್ಲವೇ? ಸಿಗುತ್ತದೆ. ನಾವೂ ಮಂಗಳೂರಿನಿಂದ ಒಂದನ್ನು ಕೊಂಡು ತಂದೆವು. ಅದು ಕಬ್ಬಿಣದ ಹತ್ತರಿಗೆಂದು ಮಾಡಿದ, ತುದಿಯಿಂದ ತುದಿಯವರೆಗೆ ಒಂದೇ ದಪ್ಪದ, 2 ಮಿಲಿಮೀಟರಿನ ಪಟ್ಟಿ. ಅಮೆರಿಕದ ಲೆನರ್ಡ್ ಬೈಲಿ ಎಂಬಾತನು ರೂಪಿಸಿದ, 1869ರಲ್ಲಿ ಸ್ಟ್ಯಾನ್ಲಿ ಕಂಪನಿಯು ಹಕ್ಕು ಕೊಂಡ ಮಾದರಿಯೇ ಇಂದು ಲೋಕವನ್ನೆಲ್ಲ ತುಂಬಿರುವ ಕಬ್ಬಿಣದ ಹತ್ತರಿ. ತಿರುಪು, ಸನ್ನೆಗಳಿಂದ ತೆಳು ಅಲಗನ್ನು ಬಿಗಿಹಿಡಿಯುವ ಏರ್ಪಾಟು ಅದರಲ್ಲಿದೆ. ಮರದ ಹತ್ತರಿಯಲ್ಲಿ ಇರುವುದು ಬೆಣೆಯೊಂದೇ. ದಪ್ಪ ಬಾಯಿಯ, ತೆಳು ಬಾಲದ ಹಳೆಯ ಅಲಗು ಮರದ ಎದುರೇಟಿಗೆ ಹಿಂದೆ ಸರಿಯಲು ನೋಡಿದಂತೆಲ್ಲ ತನ್ನ ದಪ್ಪ ಭಾಗವನ್ನೇ ಬೆಣೆಯಡಿಗೆ ನುಗ್ಗಿಸಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಒಂದೇ ದಪ್ಪದ ತೆಳು ಪಟ್ಟಿ ಜಾರುತ್ತದೆ. ತಳದ ಸೀಳಿನಲ್ಲಿ ಅದರ ಮುಂದೆ ಹೆಚ್ಚು ಕಂಡಿಯೂ ಉಳಿಯುತ್ತದೆ. ಮರ ಮುರಿದೇಳದಂತೆ ಒತ್ತಿಹಿಡಿಯುವವರಿಲ್ಲ. ಆಚಾರಿಯವರು ನಮ್ಮ ಸಮಾಧಾನಕ್ಕೆಂದು ಅದನ್ನು ಹಾಕಿ ಒಂದು ಚೂರು ಹಲಸಿನ ಮೇಲೆ ದೂಡಿದರು. ಹತ್ತರಿ ಕಟಕಟನೆ ನಡುಗಿ ಅಲೆಅಲೆಯಾದ ಗುರುತು ಬಿಟ್ಟಿತು. ಐನೂರು ರೂಪಾಯಿಗೂ ಮಿಕ್ಕಿ ಕೊಟ್ಟ ಆ ಪಟ್ಟಿ ಈಗ ನಮ್ಮ ಮೇಜಿನ ಮೇಲೆ ಕಾಗದಗಳು ಹಾರದಂತೆ ಕುಳಿತಿದೆ.

ಹಾಗಾದರೆ ಅಲಗನ್ನು ಮಾಡಿಸುವುದೇ ಸರಿಯೆಂದು ನಿಶ್ಚಯಿಸಿ ನಾವಿಬ್ಬರೂ ಕಬ್ಬಿಣದ ಆಚಾರಿಯ ಕೊಟ್ಟಿಗೆಗೆ ಹೋದೆವು. ಕತ್ತಿ, ಮೆಟ್ಟುಕತ್ತಿ, ಹಾರೆ, ಪಿಕ್ಕಾಸುಗಳನ್ನು ತಟ್ಟಿಕೊಡುವ ಕುಲುಮೆಯದು. ಇದ್ದಿಲು ಗೆರಟೆಯದು, ತಿದಿಯ ಬದಲು ವಿದ್ಯುತ್ತಿನ ಊದುಗ ಬಂದಿದೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದರಾಯಿತು ಎಂದು ಆತ ಹೇಳಿದಾಗ ನಮ್ಮ ಆಚಾರಿಯವರು ತಲೆಯಾಡಿಸಿದರು. ಹಿಂದೊಮ್ಮೆ ಅವರು ಅದನ್ನು ಮಾಡಿಸಿ ನೋಡಿದ್ದರು. ಸ್ಪ್ರಿಂಗ್ ಪಟ್ಟಿಯ ಉಕ್ಕಿನಲ್ಲಿ ಇಂಗಾಲವಿರುವುದು ನೂರಕ್ಕೆ ಅರ್ಧ ಭಾಗದ ಆಸುಪಾಸು. ಕತ್ತಿಗೆ ಅದು ಲೇಸು. ಕೊಂಬೆಗೆ ಬೀಸಿದಾಗ ಬಾಗಿದರೂ ಮುರಿಯದ ಗುಣ ಬೇಕಲ್ಲವೇ? ಹತ್ತರಿಗೆ ಬೇಕಾದುದು ಬೇರೆ ಗುಣ. ಕಾಗದಕ್ಕಿಂತ ತೆಳುವಾದ ಸಿಪ್ಪೆಯನ್ನು ಗಂಟೆಗಟ್ಟಲೆ ಎತ್ತುವಷ್ಟು ಗಡಸು ಬಾಯಿಗೆ ಇಂಗಾಲ ನೂರಕ್ಕೆ ಒಂದು ಭಾಗದ ಹತ್ತಿರ ಇರಬೇಕು.

ಉಕ್ಕಿಗೂ ಕಬ್ಬಿಣಕ್ಕೂ ಇರುವ ಅಂತರವೆಲ್ಲ ಈ ಒಂದು ಭಾಗದಲ್ಲಿದೆ ಎಂಬುದು ಸೋಜಿಗ. ನಮ್ಮ ನಾಡಿಗೆ ಇದು ಹೊಸ ವಿದ್ಯೆಯೂ ಅಲ್ಲ. 1800–1801ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನು ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಡ್ಡಿ, ಹಸಿರೆಲೆಗಳನ್ನಿಟ್ಟು ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಆ ಕಡ್ಡಿ, ಎಲೆಗಳೇ ಇಂಗಾಲವನ್ನು ಕೊಡುತ್ತಿದ್ದುವು. ವುಟ್ಸ್ ಎಂದು ಯೂರೋಪಿನವರು ಕರೆದ ಭಾರತದ ಉಕ್ಕಿನ ಹೆಸರು ನಮ್ಮ ಉಕ್ಕು ಎಂಬ ಮಾತಿನಿಂದಲೇ ಬಂದಿರಬೇಕೆಂದು ವಿದ್ವಾಂಸರ ಅಭಿಪ್ರಾಯ. ಶೆಫೀಲ್ಡಿನ ಬಳಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ಸಾಧಿಸಿದ್ದು 1740ರ ದಶಕದಲ್ಲಿ. ಆಚಾರಿಯವರ ಅಲಗಿನ ಮೇಲಿದ್ದ ಕಾಸ್ಟ್ ಸ್ಟೀಲ್ ಮುದ್ರೆ ಆ ವಿಧಾನದ ಉಕ್ಕಿನದು.

ಇನ್ನೊಂದು ಮಾತು ಪ್ರಾಸಂಗಿಕವಾಗಿ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯನವರಿದ್ದರಷ್ಟೆ. ಬಡಗಿಯ ಕಾಯಕವೆನ್ನದೆ ಅವನ ಕೈಯ ಬಾಚಿಯನ್ನೇ ಹೆಸರಿಗೆ ಸೇರಿಸಿದ ಆ ಕಾಲದ ಜನಕ್ಕೆ ಉಪಕರಣದ ಬೆಲೆ ತಿಳಿದಿತ್ತು. ಅವರ ಧರ್ಮಪತ್ನಿ ಕಾಳವ್ವೆಯೂ ವಚನಕಾರ್ತಿ.

ಕುಲುಮೆಯ ಮೂಲೆಯಲ್ಲಿ ಹಳೆಯ ಅರಗಳ ರಾಶಿಯಿತ್ತು. ಅರದ ಉಕ್ಕಿನಲ್ಲಿ ಇಂಗಾಲ ಹೆಚ್ಚು. ನೂರಕ್ಕೆ ಒಂದಕ್ಕಿಂತ ಮೇಲು. ಎರಡಂಗುಲ ಅಗಲದ ಭಾರಿ ಅರವೊಂದು ಸಿಕ್ಕಿತು. ಅದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ತಣಿಯಬಿಟ್ಟಾಗ ಮೆತ್ತಗಾಯಿತು. ಮರುದಿನ ಬೇಕಾದ ಉದ್ದಕ್ಕೆ ಕತ್ತರಿಸಿ, ಒಂದು ಮುಖದ ಹಲ್ಲುಗಳನ್ನು ಸಾಣೆಯಂತ್ರದಲ್ಲಿ ಪೂರ್ತಿ ತೆಗೆಸಿದೆವು. ಇನ್ನೊಂದು ಮುಖ ಮೇಲುಭಾಗ ತಾನೆ, ಅಲ್ಲಿ ಹಲ್ಲಿನ ಗುರುತು ಉಳಿದರೇನು ಎಂದವರು ನಾವೇ. ಅವಸರ. ಹದ ಕೊಡುವಾಗ ಕಮ್ಮಾರನು ಎಣ್ಣೆಯ ಡಬ್ಬಿಯನ್ನು ಮುಂದಕ್ಕೆಳೆದ. ಈ ಬಗೆಯ ಉಕ್ಕಿಗೆ ನೀರೇ ಆಗಬೇಕೆಂದು ಪುಸ್ತಕದಲ್ಲಿ ಓದಿದ್ದ ನಾವು ತಡೆದು ನೀರಿನ ಬಾನಿಯನ್ನು ತೋರಿಸಿದೆವು. ಮಾಷ್ಟ್ರ ಮಾತಿಗೆ ಎದುರಾಡುವುದು ಹೇಗೆಂದು ಆತ ಸುಮ್ಮನಾದ. ಕೆಂಪಗೆ ಕಾದ ಅಲಗನ್ನು ನೀರಿಗಿಳಿಸಿದ ಕ್ಷಣವೇ ‘ಟಿಣ್’ ಎಂಬ ಸಣ್ಣ ಸದ್ದು. ಹೊರತೆಗೆದು ನೋಡಿದರೆ ಬಾಯಿಯಿಂದ ಒಂದಂಗುಲ ಮೇಲಿನವರೆಗೆ ಕೂದಲಿನಂಥ ಬಿರುಕು.

ಪುಸ್ತಕ ಸುಳ್ಳಾಡಿರಲಿಲ್ಲ. ಕಾದ ಉಕ್ಕು ಒಮ್ಮೆಲೆ ತಣಿದಾಗ ಅದರ ಒಳಗಟ್ಟು ಬದಲಾಗಿ ತುಸು ಹಿಗ್ಗುತ್ತದೆ. ಹೊರಮೈ ಮೊದಲು, ಒಡಲು ಆಮೇಲೆ ಬದಲಾಗುವುದರಿಂದ ಒಳಗೆ ಎಳೆದಾಟ ಹುಟ್ಟುತ್ತದೆ. ನಯವಾದ ಮೈಯಾದರೆ ಆ ಎಳೆತ ಹಂಚಿಹೋಗುತ್ತದೆ. ಅರದ ಹಲ್ಲುಗಳ ನಡುವಣ ಚೂಪು ತಗ್ಗುಗಳಲ್ಲಾದರೋ ಒಂದೇ ಕಡೆ ಕೂಡಿಬಿದ್ದು ಸೀಳುತ್ತದೆ. ಹಲ್ಲು ತೆಗೆದ ಮೇಲೆ ನೀರು ಎಂಬುದು ಪುಸ್ತಕದ ಮಾತು. ಹಲ್ಲನ್ನುಳಿಸಿ ನೀರು ಎಂಬುದು ನಮ್ಮ ಮಾತು. ಅಷ್ಟು ತೆಳು ಪಟ್ಟಿಗೆ ಎಣ್ಣೆಯೂ ಸಾಕಾಗುತ್ತಿತ್ತೆಂದು ಕಮ್ಮಾರನ ಅನುಭವ. ಆತ ಬಿರುಕನ್ನು ಬೆರಳಿನಿಂದ ಸವರಿ, “ಹೋಗಲಿ ಬಿಡಿ, ಇನ್ನೊಂದು ಮಾಡುವ” ಎಂದ. ನಾಲ್ಕು ದಿನದ ಕೆಲಸ ಹೋಯಿತು. ಮನೆಗೆ ಬಂದಾಗ ತಾಯಿಯವರು ತೊಟ್ಟಿಲು ಎಲ್ಲಿಗೆ ಬಂತೆಂದು ಕೇಳಿದರು. ಕುಲುಮೆಯಲ್ಲಿದೆ ಎಂದೆವು. ಮರದ ತೊಟ್ಟಿಲಿಗೆ ಕುಲುಮೆ ಏಕೆಂಬುದನ್ನು ಅವರಿಗೆ ತಿಳಿಸಿ ಹೇಳಲು ಊಟದ ಹೊತ್ತು ಪೂರ್ತಿ ಹಿಡಿಯಿತು. ಆ ಹೊತ್ತಿಗೆ ಶಾಸ್ತ್ರಕ್ಕೆ ಹದಿನಾರು ದಿನ ಉಳಿದಿತ್ತು.

ಬೈಕಂಪಾಡಿಯ ಕೈಗಾರಿಕಾ ವಸಾಹತಿನಲ್ಲಿ ಅಚ್ಚು ತಯಾರಿಸುವ ವರ್ಕ್‌ಶಾಪಿನಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ ದಾರಿ ಕಂಡಿತು. ಅಚ್ಚುಗಳಿಗೆ ಬಳಸುವ ಓಎಚ್‌ಎನ್‌ಎಸ್ ಎಂಬ ಉಕ್ಕು, ಎಂದರೆ ಎಣ್ಣೆಯಲ್ಲಿ ಗಡಸಾಗುವ, ಆಕಾರ ಹೆಚ್ಚು ಕೆಡದ ಉಕ್ಕು, ಪಟ್ಟಿಯ ರೂಪದಲ್ಲಿ ನಮ್ಮ ದೇಶದಲ್ಲಿಯೇ ಸಿಗುತ್ತದೆ. ಇಂಗಾಲ ನೂರಕ್ಕೆ ಸುಮಾರು 0.9 ಭಾಗ, ಜೊತೆಗೆ ಒಂದು ಭಾಗಕ್ಕೂ ಮಿಕ್ಕಿ ಮ್ಯಾಂಗನೀಸ್, ಅರ್ಧರ್ಧ ಭಾಗ ಕ್ರೋಮಿಯಂ ಮತ್ತು ಟಂಗ್‌ಸ್ಟನ್. ಈ ಬೆರಕೆಯ ಬಲದಿಂದಲೇ ಅದಕ್ಕೆ ನೀರಿನ ಆಘಾತ ಬೇಡ, ಎಣ್ಣೆ ಸಾಕು. ಪಾಶ್ಚಾತ್ಯರು ಓ-1 ಎಂದು ಕರೆಯುವ ಉಕ್ಕೂ ಇದೇ. ಅಮೆರಿಕದ ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್ ಎಂಬ ಊರಿನಲ್ಲಿ ಜೇಮ್ಸ್ ಕ್ರೆನೊವ್ ಎಂಬ ಪ್ರಸಿದ್ಧ ಬಡಗಿಯು 1981ರಲ್ಲಿ ಆರಂಭವಾದ ಮರಗೆಲಸದ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿಯ ವಿದ್ಯಾರ್ಥಿಗಳು ತಾವೇ ಕಡೆದ ಮರದ ಹತ್ತರಿಗಳಿಗೆ ತಕ್ಕ ದಪ್ಪ ಅಲಗು ಸಿಗದೆ ಕಷ್ಟಪಡುತ್ತಿದ್ದಾಗ ರಾನ್ ಹಾಕ್ ಎಂಬ ಚೂರಿ ತಯಾರಕರು ಅವರಿಗೆಂದು ಅಲಗು ಮಾಡಲು ತೊಡಗಿ, ಅದನ್ನೇ ಜೀವನದ ಉದ್ಯೋಗವಾಗಿಸಿಕೊಂಡರು. ಸಮುದ್ರದಾಚೆಯೂ ತೊಂದರೆ ನಮ್ಮದೇ ಎಂದು ತಿಳಿದು ನಮ್ಮ ಆಚಾರಿಯವರು ನಕ್ಕುಬಿಟ್ಟರು.

ಈ ಸಲ ಅವಸರ ಮಾಡಲಿಲ್ಲ. 5 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಏಳಂಗುಲ ಉದ್ದವನ್ನು ಗರಗಸದಿಂದ ಕೊಯ್ದು, ಮೊದಲು ನಡುವಿನ ಸೀಳಿಗೆ ಕೈಯಿಟ್ಟೆವು. ಅಲಗಿನ ಬೆನ್ನಿಗೆ ಇನ್ನೊಂದು ಮೇಲಲಗು ತಿರುಪಿನಿಂದ ಕೂಡಿಕೊಳ್ಳುತ್ತದೆ. ಆ ತಿರುಪು ಸರಿಯಲು ಈ ಸೀಳು. ಸಾಲಾಗಿ ರಂಧ್ರಗಳನ್ನು ಕೊರೆದು, ನಡುವಣ ಗೋಡೆಗಳನ್ನು ಉಳಿಯಿಂದ ಒಡೆದು, ಸಣ್ಣ ಅರದಿಂದ ಸಮಮಾಡುವಷ್ಟರಲ್ಲಿ ಒಂದು ದಿನ. ಸೀಳಿನ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಬೇಕು. ಅರದ ಹಲ್ಲಿನಿಂದ ಕಲಿತ ಪಾಠವಿದು. ಬಾಲದ ಕಡೆಯನ್ನು ತೆಳುವಾಗಿಸುವುದಕ್ಕೆ ಇನ್ನೆರಡು ದಿನ ಹಿಡಿಯಿತು. ಕುಲುಮೆಯಲ್ಲಿ ತಟ್ಟಿ ತೆಳುಮಾಡಬಹುದಿತ್ತು. ಆದರೆ ಸುತ್ತಿಗೆಯ ಏಟಿನಿಂದ ಮೈ ಅಂಕುಡೊಂಕಾದರೆ ಬೆಣೆ ಕೂರುವುದಿಲ್ಲವೆಂದು ಆಚಾರಿಯವರು ಬೇಡವೆಂದರು. ಅಡ್ಡಗೆರೆಗಳನ್ನೆಳೆದು, ಅರ ಹಿಡಿದು, ಹಲಸಿನ ಚೂರಿನ ಮೇಲೆ ಮತ್ತೆಮತ್ತೆ ಇಟ್ಟು ನೋಡುತ್ತ ಉಜ್ಜಿದರು. ಬಾಯಿಯ ಓರೆಯನ್ನು 25 ಅಂಶಕ್ಕೆ ಸಾಣೆ ಹಿಡಿದರೂ ತುದಿಯನ್ನು ಹರಿತಗೊಳಿಸದೆ ಒಂದು ಮಿಲಿಮೀಟರಿನಷ್ಟು ಮೊಂಡಾಗಿ ಬಿಟ್ಟರು. ಚೂಪು ತುದಿ ಬೆಂಕಿಯಲ್ಲಿ ಬೇಗ ಅತಿಯಾಗಿ ಕಾದು ತನ್ನ ಇಂಗಾಲವನ್ನು ಕಳೆದುಕೊಳ್ಳುತ್ತದೆ.

ಹದ ಕೊಡುವ ಕೆಲಸಕ್ಕೆ ಸಂಜೆಯನ್ನೇ ಆರಿಸಿದ್ದು ಕಮ್ಮಾರ. ಹಗಲ ಬೆಳಕಿನಲ್ಲಿ ಕೆಂಪಿನ ಛಾಯೆಗಳು ಕಣ್ಣಿಗೆ ಮೋಸ ಮಾಡುತ್ತವೆ. ದೀಪವಾರಿಸಿ, ಗೆರಟೆಯ ಇದ್ದಿಲಿನ ನಡುವೆ ಅಲಗನ್ನಿಟ್ಟು ಗಾಳಿಯನ್ನು ತಗ್ಗಿಸಿ ನಿಧಾನವಾಗಿ ಕಾಯಿಸಿದ. ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ನಾವು ಸರಿಗೆಗೆ ಕಟ್ಟಿ ಹಿಡಿದಿದ್ದೆವು. ಉಕ್ಕು ಸುಮಾರು 770 ಡಿಗ್ರಿಗೆ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವ ಗುಣವನ್ನು ಬಿಟ್ಟುಬಿಡುತ್ತದೆ. ಉಷ್ಣಮಾಪಕವಿಲ್ಲದ ಕುಲುಮೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಅಯಸ್ಕಾಂತ ಬಿಟ್ಟಿತು. ಈ ಉಕ್ಕು 800 ಡಿಗ್ರಿಯ ಆಸುಪಾಸಿಗೆ ಬರಬೇಕಾದುದರಿಂದ ಇನ್ನೂ ಒಂದು ಛಾಯೆ ಏರಲು ಬಿಟ್ಟು, ಅದೇ ಕೆಂಪಿನಲ್ಲಿ ಕೆಲವು ನಿಮಿಷ ನಿಲ್ಲಿಸಿದ. ಬಳಿಕ ಇಕ್ಕಳದಿಂದೆತ್ತಿ, ಕೈಸುಡುವಷ್ಟು ಬಿಸಿಮಾಡಿಟ್ಟಿದ್ದ ಎಣ್ಣೆಯ ಡಬ್ಬಿಗೆ ಬಾಯಿ ಕೆಳಗಾಗಿ ನೆಟ್ಟಗೆ ಇಳಿಸಿದ. ಓರೆಯಾಗಿ ಇಳಿಸಿದರೆ ಒಂದು ಮಗ್ಗುಲು ಮೊದಲು ತಣಿದು ಅಲಗು ಸೊಟ್ಟಗಾಗುತ್ತದೆ. ಆದ್ದರಿಂದ ಮೇಲೆಕೆಳಗೆ ಆಡಿಸಬಹುದು, ಅತ್ತಿತ್ತ ಆಡಿಸಬಾರದು. ಬುಗ್ಗೆಂದು ಜ್ವಾಲೆಯೆದ್ದಿತು, ಹೊಗೆ ತುಂಬಿತು. ಮೂವರೂ ಕಿವಿಗೊಟ್ಟು ನಿಂತೆವು. ‘ಟಿಣ್’ ಎನ್ನಲಿಲ್ಲ.

ತಣಿದ ಅಲಗಿನ ಮೇಲೆ ಅರವನ್ನೆಳೆದರೆ ಗಾಜಿನ ಮೇಲೆಳೆದಂತೆ ಜಾರಿತು. ಗಡಸಾಗಿದೆಯೆಂಬುದಕ್ಕೆ ಗುರುತು ಅದು. ಆದರೆ ಈ ಸ್ಥಿತಿಯಲ್ಲಿ ಉಕ್ಕು ಗಾಜಿನಂತೆಯೇ ಪೆಡಸು. ಕೆಳಗೆ ಬಿದ್ದರೆ ಒಡೆಯಬಹುದು. ಆ ಪೆಡಸುತನವನ್ನು ತುಸು ಇಳಿಸಲು ಮತ್ತೆ ಮೆಲುವಾಗಿ ಕಾಯಿಸಬೇಕು. ಕಮ್ಮಾರರು ಬಾಣಲೆಯಲ್ಲಿ ಮರಳು ಕಾಯಿಸಿ ಅದರ ಮೇಲಿಟ್ಟು ಬಣ್ಣ ನೋಡುತ್ತಾರೆ. ಉಜ್ಜಿ ಹೊಳಪಿಸಿದ ಉಕ್ಕು ಕಾದಂತೆ ಒಣಹುಲ್ಲಿನ ತಿಳಿಹಳದಿ, ಕಂದು, ನೇರಳೆ, ನೀಲಿ ಹೀಗೆ ಬಣ್ಣ ತಿರುಗುತ್ತದೆ. ತಿಳಿಹಳದಿಯೆಂದರೆ 200 ಡಿಗ್ರಿಯನ್ನು ಸ್ವಲ್ಪ ದಾಟಿದ ಶಾಖ. ಹತ್ತರಿಗೆ ಅಲ್ಲಿಯೇ ನಿಲ್ಲಬೇಕು. ನೀಲಿಯಾದರೆ 300ರ ಸಮೀಪ. ಸ್ಪ್ರಿಂಗಿಗೆ ಸರಿ, ಅಲಗಿಗೆ ಮೆದು. ಬಣ್ಣಗಳು ಕ್ಷಣದಲ್ಲಿ ಓಡುತ್ತವೆ. ಪೊರೆ ತೆಗೆಸಿದ ಕಣ್ಣಿನ ಆಚಾರಿಯವರೂ, ಕನ್ನಡಕದ ನಾವೂ ಅಳುಕಿದೆವು. ಆಗ ನಮ್ಮ ಸೊಸೆಯು ಕೇಕು ಬೇಯಿಸುವ ಓವನ್ನು ನೆನಪಿಗೆ ಬಂತು. ಎರಡು ಸಲ ತೊಳೆದು ತಂದರೂ ಅಲಗಿನ ಎಣ್ಣೆವಾಸನೆ ಹೋಗಿಲ್ಲವೆಂದು ಆಕೆ ಮುಖ ಸಿಂಡರಿಸಿದಳಾದರೂ, ಮೈದುನಿಯ ಕೂಸಿನ ತೊಟ್ಟಿಲಿನ ಮಾತಾದ್ದರಿಂದ ಒಪ್ಪಿದಳು. 200 ಡಿಗ್ರಿಯಲ್ಲಿ ಒಂದು ಗಂಟೆ, ಹೊರತೆಗೆದು ತಣಿಸಿ, ಮತ್ತೊಂದು ಗಂಟೆ. ಅಲಗು ಭತ್ತದ ಹೊಸ ಹುಲ್ಲಿನ ಬಣ್ಣದಲ್ಲಿ ಹೊರಬಂತು. ಆ ವಾರ ಮನೆಯಲ್ಲಿ ಕೇಕು ಮಾಡಲಿಲ್ಲವೆಂಬುದನ್ನೂ ದಾಖಲಿಸಬೇಕು.

ಬೆನ್ನನ್ನು ಸಮಮಾಡುವುದು ನೋಡುವವರಿಗೆ ಬೇಸರದ ಕೆಲಸ. ಎಣ್ಣೆಯಿಂದ ತೆಗೆದ ಅಲಗು ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ಗಾಜಿನ ಹಲಗೆಗೆ ಮರಳುಕಾಗದ ಅಂಟಿಸಿ, ಆಮೇಲೆ ಸಾಣೆಕಲ್ಲಿನ ಮೇಲೆ, ಬಾಯಿಯ ಹತ್ತಿರದ ಒಂದಂಗುಲ ಕನ್ನಡಿಯಾಗುವವರೆಗೆ ಆಚಾರಿಯವರು ಒಂದು ಮಧ್ಯಾಹ್ನ ಕುಳಿತರು. ಬಾಯಿಯ ತುತ್ತತುದಿಗೆ 30 ಅಂಶದ ಎರಡನೆಯ ಓರೆ. ಎರಡೂ ಮೂಲೆಗಳನ್ನು ಮಾತ್ರ ತುಸುವೇ ಸವೆಸಿ ದುಂಡಗೆ ಮಾಡಿದರು, ಇಲ್ಲವಾದರೆ ಹಲಗೆಯ ಮೇಲೆ ಅಂಚಿನ ಗೆರೆ ಮೂಡುತ್ತದೆ. ಕೊನೆಗೆ ಮೇಲಲಗನ್ನು ಕೂಡಿಸಿ ಅದರ ತುದಿಯನ್ನು ಬಾಯಿಯಿಂದ ಅರ್ಧ ಮಿಲಿಮೀಟರ್ ಹಿಂದಕ್ಕೆ ನಿಲ್ಲಿಸಿದರು. ಸಿಪ್ಪೆಯು ಮೇಲೇಳುವಾಗಲೇ ಮೇಲಲಗಿಗೆ ಬಡಿದು ಮುಂದಕ್ಕೆ ಬಾಗುವುದರಿಂದ ಎದುರು ನಾರು ಬುಡಸಹಿತ ಕಿತ್ತೇಳಲು ಸಮಯವೇ ಸಿಗುವುದಿಲ್ಲ. ಹಲಸಿನಂಥ ಹೆಣೆದ ನಾರಿಗೆ ಉಪಾಯವೆಂದರೆ ಇದೇ. ಯಂತ್ರ ನಮ್ಮ ಮೊದಲ ಹಲಗೆಯನ್ನು ಕಿತ್ತದ್ದೇಕೆಂಬುದು ನಮಗೆ ಸರಿಯಾಗಿ ತಿಳಿದದ್ದು ಆಗ.

ಮೊದಲ ಎಳೆತಕ್ಕೆ ಏನೂ ಬರಲಿಲ್ಲ. ಅಲಗಿನ ಬಾಲಕ್ಕೆ ಸಣ್ಣ ಸುತ್ತಿಗೆಯಿಂದ ಒಂದು ತಟ್ಟು. ಎರಡನೆಯದಕ್ಕೆ ಧೂಳು. ಇನ್ನೊಂದು ತಟ್ಟು, ಬೆಣೆಗೊಂದು ತಟ್ಟು. ಮೂರನೆಯ ಎಳೆತಕ್ಕೆ ಹಲಗೆಯ ತುದಿಯಿಂದ ತುದಿಯವರೆಗೆ ಹಳದಿ ಸುರುಳಿಯೊಂದು ಉದ್ದಕ್ಕೆ ಹರಿದು ಬಂತು. ಆಚಾರಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಆಚೆಯ ಕಿಟಕಿ ಅದರ ಮೂಲಕ ಕಾಣಿಸುತ್ತಿತ್ತು. “ಅಪ್ಪನ ಕಾಲದ ಶಬ್ದ ಇದು ಮಾಷ್ಟ್ರೇ” ಎಂದರು. ಹಲಗೆಯ ಮೇಲೆ ಕೈಯಾಡಿಸಿದೆವು. ಗುಳಿಯಿಲ್ಲ, ಸಿಬಿರಿಲ್ಲ, ಮರಳುಕಾಗದ ಬೇಕಾಗಲೇ ಇಲ್ಲ. ಅವರ ಮೊಮ್ಮಗ ಮೂಡುಬಿದಿರೆಯ ಕಡೆ ಪ್ಲೈವುಡ್ ಪೀಠೋಪಕರಣಗಳ ಕೆಲಸಕ್ಕೆ ಹೋಗುವ ಹುಡುಗ. ಅವನ ಕೈಯಲ್ಲಿರುವುದು ವಿದ್ಯುತ್ ಹತ್ತರಿ. ಆ ಸಂಜೆ ಬೈಕು ನಿಲ್ಲಿಸಿ ಬಂದವನು ಅಜ್ಜನಿಂದ ಹತ್ತರಿಯನ್ನು ಇಸಿದುಕೊಂಡು ನಾಲ್ಕಾರು ಸಲ ದೂಡಿದ. ಮೊದಲಿಗೆ ಸಿಕ್ಕಿಕೊಂಡಿತು. ಅಜ್ಜ ಅವನ ಎಡಗೈಯನ್ನು ಸ್ವಲ್ಪ ಮುಂದಕ್ಕೆ ಸರಿಸಿಟ್ಟರು, ಅಷ್ಟೆ.

ಮೂಡುಬಿದಿರೆಯಲ್ಲಿ ಚೌಟರ ಅರಮನೆಯ ಕಂಬಗಳ ಮೇಲೆ ಒಂಬತ್ತು ಸ್ತ್ರೀಯರು ಕೂಡಿ ಆನೆಯಾದ ನವನಾರಿಕುಂಜರವನ್ನೂ, ಐವರು ಕೂಡಿ ಕುದುರೆಯಾದ ಪಂಚನಾರೀತುರಗವನ್ನೂ ಓದುಗರಲ್ಲಿ ಅನೇಕರು ಕಂಡಿರಬಹುದು. ಕೆತ್ತನೆಗೆ ಮುನ್ನ ಅಂಥ ಮರಗಳ ಮೈಯನ್ನು ಸಮಮಾಡಿದ ಕೈಗಳನ್ನು ನೋಡುಗರು ನೆನೆಯುವುದಿಲ್ಲ. ಈಗ ಕಾರ್ಕಳದ ಬಳಿಯ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹಗಳ ಶಿಲ್ಪವನ್ನು ಯುವಕರಿಗೆ ಕಲಿಸುತ್ತಿರುವುದು ಸಂತೋಷದ ಸಂಗತಿ. ಬಿ.ಸಿ.ರೋಡಿನ ಸಮೀಪ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರು ಈ ನಾಡಿನ ನಿತ್ಯಬಳಕೆಯ ವಸ್ತುಗಳನ್ನು ಅಕ್ಕರೆಯಿಂದ ಕೂಡಿಟ್ಟಿದ್ದಾರೆ. ಹಳೆಯ ಹತ್ತರಿಯಿರುವ ಮನೆಯವರು ಅದನ್ನು ಗುಜರಿಗೆ ಹಾಕುವ ಮುನ್ನ ಅಲಗನ್ನು ಕಳಚಿ ನೋಡಬೇಕೆಂದು ನಮ್ಮ ವಿನಂತಿ. ಉಕ್ಕು ಇನ್ನೂ ಅಂಗುಲದಷ್ಟು ಉಳಿದು, ತುಕ್ಕು ಮಾತ್ರ ಹಿಡಿದಿದ್ದರೆ ಹೊಸ ಅಲಗೇ ಬೇಡ. ಬೆನ್ನನ್ನು ಉಜ್ಜಿ ಗುಳಿಗಳನ್ನು ದಾಟಿಸಿದರೆ ಸಾಕು. ಉಕ್ಕು ತೀರಿದ್ದರೆ ಮಾತ್ರ ಕುಲುಮೆಯ ದಾರಿ. ಉಕ್ಕು, ಕಮ್ಮಾರನ ಕೂಲಿ, ಬೈಕಂಪಾಡಿಯ ಬಸ್ಸು ಎಲ್ಲ ಸೇರಿ ನಮಗೆ ತಗುಲಿದ ವೆಚ್ಚ ಅಂಗಡಿಯ ಆ ತೆಳು ಪಟ್ಟಿಯ ಎರಡರಷ್ಟಾಗಲಿಲ್ಲ. ಒಡೆದ ಅರದ ಲೆಕ್ಕವನ್ನು ಕಮ್ಮಾರ ಹಿಡಿಯಲಿಲ್ಲ.

ತೊಟ್ಟಿಲು ಶಾಸ್ತ್ರದ ಹಿಂದಿನ ರಾತ್ರಿ ಮನೆಗೆ ಬಂತು. ಎರಡು ಮಗ್ಗುಲಿಗೆ ನಯವಾದ ಆ ಎರಡು ಹಲಗೆಗಳು. ಯಂತ್ರ ಕೆಡಿಸಿದ ಹಲಗೆಯನ್ನೂ ಆಚಾರಿಯವರು ಬಿಡದೆ, ಗುಳಿಗಳಿಲ್ಲದವರೆಗೆ ಕೀಸಿ ತೆಳುಮಾಡಿ ತಳಕ್ಕೆ ಹಾಕಿದ್ದರು. ತಾಯಿಯವರು ಒಳಗೆಲ್ಲ ಕೈಯಾಡಿಸಿ ನೋಡಿ, ಎಲ್ಲಿಯೂ ಸಿಬಿರು ಸಿಗದೆ, ಹಗ್ಗದ ಗಂಟು ಸರಿಯಿಲ್ಲವೆಂದು ಮಾತ್ರ ಆಕ್ಷೇಪಿಸಿದರು.

ಓಎಚ್‌ಎನ್‌ಎಸ್ ಪಟ್ಟಿಯಲ್ಲಿ ಇನ್ನೂ ಎರಡು ಅಲಗಿಗಾಗುವಷ್ಟು ಉಳಿದಿದೆ. ಒಂದು ಮಡಂತ್ಯಾರಿನ ಇನ್ನೊಬ್ಬ ಆಚಾರಿಗೆ ಬೇಕಂತೆ. ಮತ್ತೊಂದರ ಮೇಲೆ ಮೊಮ್ಮಗನು ಸೀಮೆಸುಣ್ಣದಿಂದ ಅಳತೆ ಗುರುತು ಹಾಕಿಟ್ಟಿದ್ದಾನೆ. ಮಳೆ ಹಿಡಿದುಬಿಟ್ಟಿತು, ಗೆರಟೆಯ ಇದ್ದಿಲು ಒದ್ದೆಯಾಗಿದೆ, ದೀಪಾವಳಿ ಕಳೆಯಲಿ ಎಂದು ಕಮ್ಮಾರ ಹೇಳಿ ಕಳುಹಿಸಿದ್ದಾನೆ. ಅಲ್ಲಿಯವರೆಗೆ ಪಟ್ಟಿಗೆ ತೆಂಗಿನೆಣ್ಣೆ ಸವರಿ ಪೆಟ್ಟಿಗೆಯಲ್ಲಿಡಲಾಗಿದೆ.